ಮೊದಲು ಮಗು, ಆಮೇಲೆ ಪದವಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಸಂಜೆ ಶಿರಾಲಿಯ ಆ ಮನೆಯ ಜಗಲಿಯಲ್ಲಿ ಮೂರು ಅಭಿಪ್ರಾಯಗಳಿದ್ದವು. ಅಪ್ಪನದು ಒಂದು, ಅಕ್ಕನದು ಒಂದು, ಅಜ್ಜನದು ಇನ್ನೊಂದು. ಯಾರ ಭವಿಷ್ಯದ ಬಗ್ಗೆ ಮಾತು ನಡೆದಿತ್ತೋ ಆ ಹುಡುಗಿ ಮಾತ್ರ ಅಂಗಳದಲ್ಲಿ ಕುಳಿತು ಪಕ್ಕದ ಮನೆಯ ಆರು ವರ್ಷದ ಹುಡುಗನ ಜತೆ ಗೇರುಬೀಜ ಎಣಿಸುತ್ತಿದ್ದಳು. ಅವಳು ಎಷ್ಟು ಬೆರಳು ತೋರಿಸುತ್ತಾಳೋ ಅಷ್ಟು ಬೀಜಗಳನ್ನು ಅವನು ಸಾಲಾಗಿ ಇಡುತ್ತಿದ್ದ. ಒಮ್ಮೆಯೂ ತಪ್ಪುತ್ತಿರಲಿಲ್ಲ. ಆದರೆ ಹಿಂದಿನಿಂದ ಯಾರು ಕೂಗಿದರೂ ತಿರುಗುತ್ತಿರಲಿಲ್ಲ. ಹುಡುಗನಿಗೆ ಕಿವಿ ಕೇಳುವುದಿಲ್ಲ ಎಂದು ಮನೆಯವರಿಗೆ ಖಚಿತವಾಗುವಷ್ಟರಲ್ಲಿ ನಾಲ್ಕು ವರ್ಷ ಕಳೆದುಹೋಗಿತ್ತು.

'ಸಣ್ಣ ಮಕ್ಕಳಿಗೆ ಕಲಿಸಬೇಕು' ಎಂಬುದು ಅವಳ ಬಹಳ ದಿನಗಳ ಆಸೆ. ಅದಕ್ಕೆ ಮನೆಯಲ್ಲಿ ಯಾರ ವಿರೋಧವೂ ಇರಲಿಲ್ಲ. ತಕರಾರು ಇದ್ದದ್ದು ದಾರಿಯ ಬಗ್ಗೆ. 'ಬಿ.ಎ. ಮಾಡ್ಲಿ, ಆಮೇಲೆ ಬಿ.ಎಡ್. ಮಾಡ್ಲಿ. ಹೈಸ್ಕೂಲಿಗೂ ಆಗ್ತದೆ, ಸಣ್ಣ ಶಾಲೆಗೂ ಆಗ್ತದೆ' ಎಂದರು ಅಪ್ಪ. ದೊಡ್ಡ ಕೀಲಿಕೈ ಇದ್ದರೆ ಸಣ್ಣ ಬೀಗವೂ ತೆರೆದೀತು ಎಂಬ ಲೆಕ್ಕ. ನಮ್ಮ ಊರುಗಳ ಬಹುಪಾಲು ಪಾಲಕರ ಲೆಕ್ಕವೂ ಇದೇ.

ಅಜ್ಜನಿಗೆ ಇದೆಲ್ಲ ಸೋಜಿಗ. ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದಾಗ ಮುಲ್ಕಿ ಪರೀಕ್ಷೆ ಪಾಸಾದವರು ಕನ್ನಡ ಶಾಲೆಯ ಮಾಸ್ತರರಾಗುತ್ತಿದ್ದರು. ಅಂಥ ಮಾಸ್ತರರೊಬ್ಬರು ಕೊಂಕಣಿ ಆಡುವ ಮಕ್ಕಳನ್ನೂ ನವಾಯತಿ ಆಡುವ ಮಕ್ಕಳನ್ನೂ ಒಂದೇ ಚಾಪೆಯಲ್ಲಿ ಕೂಡಿಸಿ ಕನ್ನಡ ಓದಲು ಕಲಿಸಿದ್ದನ್ನು ಅವರು ಕಂಡಿದ್ದಾರೆ. 'ಸಣ್ಣ ಮಕ್ಕಳಿಗೆ ಹೇಳಿಕೊಡ್ಲಿಕ್ಕೆ ಇಷ್ಟೆಲ್ಲ ಕಾಗದ ಯಾಕೆ?' ಎಂಬುದು ಅವರ ಪ್ರಶ್ನೆ.

ಉತ್ತರ ಹೇಳಬಲ್ಲವಳೆಂದರೆ ಅಕ್ಕ. ಅವಳು ಅಪ್ಪ ಹೇಳಿದ ದಾರಿಯಲ್ಲೇ ನಡೆದವಳು. ದಿನವೂ ಮುರ್ಡೇಶ್ವರದ ಅಡ್ಡರಸ್ತೆ, ಮಂಕಿ, ಕಾಸರಕೋಡು ದಾಟಿ, ಶರಾವತಿಯ ಸೇತುವೆ ಹಾದು ಹೊನ್ನಾವರಕ್ಕೆ ಹೋಗಿ ಬಿ.ಎ. ಮುಗಿಸಿದಳು. ಆಮೇಲೆ ಇನ್ನೂ ಮುಂದೆ ಕುಮಟಾಕ್ಕೆ ಹೋಗಿ ಬಿ.ಎಡ್. ಮಾಡಿದಳು. ಅವಳಿಗೂ ಒಂದನೇ ತರಗತಿಯೇ ಬೇಕಿತ್ತು. ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತು ಬಿ.ಎಡ್. ಆದವರೂ ಒಂದರಿಂದ ಐದನೇ ತರಗತಿಗೆ ಅರ್ಹರು ಎಂದು 2018ರ ಜೂನ್‌ನಲ್ಲಿ ಹೇಳಿತ್ತು. ನೇಮಕವಾದ ಮೇಲೆ ಆರು ತಿಂಗಳ ತರಬೇತಿ ಪಡೆದರೆ ಸಾಕಿತ್ತು. ಆದರೆ 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ಅಧಿಸೂಚನೆಯನ್ನು ಒಪ್ಪಲಿಲ್ಲ. ಬಿ.ಎಡ್. ಇರುವುದು ದೊಡ್ಡ ತರಗತಿಗಳಿಗೆ ಕಲಿಸಲು. ಸಣ್ಣ ಮಕ್ಕಳಿಗೆ ಕಲಿಸುವ ವಿದ್ಯೆ ಬೇರೆ, ಅದನ್ನು ಕಲಿಸುವುದು ಡಿ.ಎಲ್.ಎಡ್. ಎಂಬುದು ನ್ಯಾಯಾಲಯದ ನಿಲುವು. ಅಕ್ಕನ ಕೈಯಲ್ಲಿದ್ದ ದೊಡ್ಡ ಕೀಲಿಕೈ ಸಣ್ಣ ಬೀಗಕ್ಕೆ ಹೊಂದಲಿಲ್ಲ. ಐದು ವರ್ಷದ ಬಸ್ಸಿನ ಪಾಸುಗಳನ್ನು ಅವಳು ಇನ್ನೂ ಇಟ್ಟುಕೊಂಡಿದ್ದಾಳೆ.

'ನನ್ನದು ಹಾಳಾಗಲಿಲ್ಲ ಬಿಡಿ, ಹೈಸ್ಕೂಲಿಗೆ ಆಗ್ತದೆ. ಆದರೆ ಇವಳಿಗೆ ಯಾವ ಮಕ್ಕಳು ಬೇಕು ಅಂತ ಮೊದಲು ಕೇಳಿ' ಎಂದಳು ಅಕ್ಕ. ಆ ಸಂಜೆಯ ಮಾತುಗಳಲ್ಲಿ ಇದೊಂದೇ ಸರಿಯಾದ ಜಾಗಕ್ಕೆ ತಾಗಿದ್ದು.

ಪದವಿಯ ಹೆಸರು ಆಮೇಲೆ. ಆರು ವರ್ಷದ ಮಗುವಿಗೆ ಅಕ್ಷರ ತಿದ್ದಿಸುವ ಆಸೆಯೋ, ಹನ್ನೆರಡರ ಮಗುವಿಗೆ ವಿಜ್ಞಾನ ಹೇಳುವ ಆಸೆಯೋ, ಕೇಳದ, ಕಾಣದ ಅಥವಾ ನಿಧಾನವಾಗಿ ಕಲಿಯುವ ಮಗುವಿನ ಜತೆ ಕೂರುವ ಆಸೆಯೋ? ಒಂದೊಂದಕ್ಕೆ ಒಂದೊಂದು ಬಾಗಿಲಿದೆ.

ಒಂದರಿಂದ ಐದನೇ ತರಗತಿಗಾದರೆ ಪಿಯುಸಿಯಲ್ಲಿ ಶೇಕಡಾ 50 ಅಂಕ (ಮೀಸಲು ವರ್ಗಗಳಿಗೆ ರಿಯಾಯಿತಿ ಉಂಟು), ನಂತರ ಎರಡು ವರ್ಷದ ಡಿ.ಎಲ್.ಎಡ್., ಆಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊದಲ ಪತ್ರಿಕೆ. ಹಳಬರು ಟಿಸಿಎಚ್ ಎಂದೂ ಆಮೇಲಿನವರು ಡಿ.ಎಡ್. ಎಂದೂ ಕರೆಯುತ್ತಿದ್ದ ದಾರಿಯೇ ಇದು. ಈ ಭಾಗದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇರುವುದು ಕುಮಟಾದಲ್ಲಿ. ಆರರಿಂದ ಎಂಟನೇ ತರಗತಿಗೆ ಪದವಿ ಬೇಕು, ಅದರ ಜತೆ ಡಿ.ಎಲ್.ಎಡ್. ಅಥವಾ ಬಿ.ಎಡ್. ಬೇಕು, ಎರಡನೇ ಪತ್ರಿಕೆ ಪಾಸಾಗಬೇಕು. ಪರೀಕ್ಷೆಯ ಪ್ರಮಾಣಪತ್ರಕ್ಕೆ ಮೊದಲು ಏಳು ವರ್ಷದ ಅವಧಿ ಇತ್ತು. 2021ರಲ್ಲಿ ಅದು ಜೀವನಪರ್ಯಂತವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಇನ್ನೊಂದು ದಾರಿ ತೆರೆದಿದೆ. ಪಿಯುಸಿ ಆದ ಕೂಡಲೇ ಪದವಿ ಮತ್ತು ಬಿ.ಎಡ್. ಎರಡನ್ನೂ ಸೇರಿಸಿ ಓದುವ ನಾಲ್ಕು ವರ್ಷದ ಕೋರ್ಸು 2023–24ರಲ್ಲಿ ಶುರುವಾಯಿತು. ಅದಕ್ಕೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಅದರಲ್ಲಿಯೂ ಯಾವ ಹಂತದ ಮಕ್ಕಳಿಗಾಗಿ ಕಲಿಯುವುದು ಎಂದು ಆರಿಸಿಕೊಳ್ಳಬೇಕಾಗುತ್ತದೆ. ಅಕ್ಕ ಕೇಳಿದ ಪ್ರಶ್ನೆಯನ್ನು ಈಗ ಅರ್ಜಿಯೇ ಕೇಳುತ್ತದೆ.

ಇಷ್ಟು ತಿಳಿದ ಮೇಲೆ ಹುಡುಗಿ ಡಿ.ಎಲ್.ಎಡ್. ಎಂದೇ ನಿರ್ಧರಿಸಿದ್ದಳು. ಕುಮಟಾ ಐವತ್ತು ಕಿಲೋಮೀಟರಿನಷ್ಟು ದೂರ, ಮನೆಯಿಂದಲೇ ಹೋಗಿ ಬರಬಹುದು. ಅಪ್ಪನೂ ಒಪ್ಪುವ ಹಾಗಿದ್ದರು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದ ಒಂದು ಮಾತು ಕೇಳಿದಳು: 'ನೀನು ಕಲಿತು ಬಂದರೆ ನಮ್ಮ ಹುಡುಗನಿಗೂ ಹೇಳಿಕೊಡ್ತೀಯಲ್ಲ?'

ಹುಡುಗಿ ಬೆರಳು ಮಡಚಿ ಎಣಿಸಿದಳು. ತನಗೆ ಎರಡು ವರ್ಷದ ಓದು ಎಂದರೆ ಹುಡುಗನಿಗೆ ಎಂಟು. ಬಿ.ಎ., ಬಿ.ಎಡ್. ಎಂದು ಹೋದರೆ ಹನ್ನೊಂದು. ತನ್ನ ಕ್ಯಾಲೆಂಡರಿನ ಪಕ್ಕದಲ್ಲೇ ಇನ್ನೊಂದು ಕ್ಯಾಲೆಂಡರ್ ಓಡುತ್ತಿದೆ ಎಂದು ಅವಳಿಗೆ ಹೊಳೆದದ್ದು ಆಗ. ಅದು ಯಾರಿಗೂ ಕಾಯುವುದಿಲ್ಲ.

ಮರುವಾರ ತಾಯಿ ಮತ್ತು ಹುಡುಗನ ಜತೆ ಅವಳು ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋದಳು. ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುತ್ತಾರೆ ಎಂಬುದು ಆ ತಾಯಿಗೆ ಗೊತ್ತೇ ಇರಲಿಲ್ಲ. ಅಲ್ಲಿದ್ದ ಅಕ್ಕೋರು ಹುಡುಗನ ಹೆಸರು ಬರೆದುಕೊಂಡರು. ಕಿವಿಯ ಪರೀಕ್ಷೆ, ಪ್ರಮಾಣಪತ್ರ, ಶ್ರವಣ ಸಾಧನ, ಒಂದೊಂದಕ್ಕೂ ಎಲ್ಲಿಗೆ ಹೋಗಬೇಕೆಂದು ಹೇಳಿದರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಬಗ್ಗೆಯೂ ಹೇಳಿದರು. ಅಲ್ಲಿಯ ಶಾಲಾಪೂರ್ವ ತರಗತಿಗಳಲ್ಲಿ ತಾಯಂದಿರೂ ಮಕ್ಕಳ ಜತೆ ಕುಳಿತು ಕಲಿಯುತ್ತಾರೆ.

ಆಮೇಲೆ ಹುಡುಗಿಯ ಕಡೆ ತಿರುಗಿ 'ನೀನು ಏನು ಕಲಿಸಿದ್ದೀ?' ಎಂದು ಕೇಳಿದರು. ಅವಳು ಹೆಮ್ಮೆಯಿಂದಲೇ ತೋರಿಸಿದಳು. ಹತ್ತು ಬೆರಳು, ಹತ್ತು ಕಡ್ಡಿ. ಹುಡುಗ ತಪ್ಪಲಿಲ್ಲ.

'ಎಣಿಸಲಿಕ್ಕೆ ಬಂತು. ಆದರೆ ಅದಕ್ಕೆ ಕಡ್ಡಿ ಅಂತ ಹೆಸರು ಉಂಟು ಅಂತ ಅವನಿಗೆ ಗೊತ್ತುಂಟಾ? ಅವನ ಅಮ್ಮನಿಗೆ ಒಂದು ಹೆಸರು ಉಂಟು ಅಂತ?'

ಹುಡುಗಿ ಸುಮ್ಮನಾದಳು. ಆರು ವರ್ಷದ ಆ ಮಗು ನೋಡುತ್ತದೆ, ನಗುತ್ತದೆ, ಹಸಿವಾದರೆ ಹೊಟ್ಟೆ ಮುಟ್ಟಿ ತೋರಿಸುತ್ತದೆ. ಆದರೆ ವಸ್ತುಗಳಿಗೆ ಹೆಸರಿದೆ ಎಂಬುದೇ ಅದಕ್ಕೆ ತಿಳಿದಿರಲಿಲ್ಲ. ನಿನ್ನೆ, ನಾಳೆ, ಯಾಕೆ ಎಂಬ ಮಾತುಗಳನ್ನು ಗೇರುಬೀಜದಲ್ಲಿ ತೋರಿಸಲು ಬರುವುದಿಲ್ಲ. ಮಗುವಿಗೆ ಕೊರತೆ ಇದ್ದದ್ದು ಲೆಕ್ಕದ್ದಲ್ಲ, ಭಾಷೆಯದು. ಅದನ್ನು ಕೊಡುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಪ್ರೀತಿ ಇತ್ತು, ತಾಳ್ಮೆ ಇತ್ತು. ವಿದ್ಯೆ ಇರಲಿಲ್ಲ.

ಹೆಲೆನ್ ಕೆಲರ್‌ಳ ಕತೆ ಪಠ್ಯಪುಸ್ತಕದಲ್ಲಿ ಓದದವರು ಕಡಿಮೆ. 1887ರ ಏಪ್ರಿಲ್‌ನಲ್ಲಿ ಪಂಪಿನ ನೀರಿನಡಿ ಹಿಡಿದ ಆ ಪುಟ್ಟ ಕೈಗೆ 'ನೀರು' ಎಂಬ ಹೆಸರು ದೊರೆತದ್ದು ಎಲ್ಲರಿಗೂ ನೆನಪಿರುತ್ತದೆ. ಆ ಹೆಸರನ್ನು ಕೈಯಲ್ಲಿ ಬರೆದ ಆನ್ ಸಲಿವಾನ್‌ಗೆ ಆಗ ಇಪ್ಪತ್ತು ವರ್ಷ ಎಂಬುದು ನೆನಪಿರುವುದಿಲ್ಲ. ಅವಳು ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಯಲ್ಲಿ ಓದಿದವಳು. ಅಂಥದೇ ಇನ್ನೊಂದು ಮಗುವಿಗೆ ಅಲ್ಲಿ ಹಿಂದೆ ಹೇಗೆ ಕಲಿಸಿದ್ದರೆಂಬ ವರದಿಗಳನ್ನು ತಿಂಗಳುಗಟ್ಟಲೆ ಓದಿ ಸಿದ್ಧಳಾಗಿ ಬಂದಿದ್ದಳು. ಪವಾಡ ಎಂದು ಕರೆಯುವುದರ ಹಿಂದೆ ತರಬೇತಿ ಇತ್ತು.

ಮನೆಗೆ ಬಂದ ಹುಡುಗಿ 'ನಾನು ವಿಶೇಷ ಶಿಕ್ಷಣಕ್ಕೆ ಹೋಗ್ತೇನೆ' ಎಂದಾಗ ಜಗಲಿಯ ಚರ್ಚೆ ಮತ್ತೆ ಮೊದಲಿನಿಂದ ಶುರುವಾಯಿತು. ಅಪ್ಪನ ಭಯ ಸುಳ್ಳಲ್ಲ. ಓದು ಜಿಲ್ಲೆಯ ಹೊರಗೆ, ಹಾಸ್ಟೆಲಿನ ಖರ್ಚು. ಮುಗಿಸಿ ಬಂದ ಮೇಲೆ ಕೆಲಸ ಎಲ್ಲಿ?

ಇದಕ್ಕೆ ಸಿಕ್ಕ ಉತ್ತರಗಳಲ್ಲಿ ಭರವಸೆಯೂ ಇದೆ, ಎಚ್ಚರಿಕೆಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ; 1995ರ ಕಾಯಿದೆಯಲ್ಲಿ ಇದ್ದದ್ದು ಏಳು. ನಿಗದಿತ ಪ್ರಮಾಣದ ನ್ಯೂನತೆ ಇರುವ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸಾಮಾನ್ಯ ಶಾಲೆಗಳಲ್ಲಿಯೇ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮುಂದಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಲು ಎಲ್ಲ ರಾಜ್ಯಗಳಿಗೂ ಮತ್ತೆ ನಿರ್ದೇಶನ ಕೊಟ್ಟಿತು. ಎರಡೆರಡು ಸಲ ಹೇಳಬೇಕಾಯಿತೆಂದರೆ ಕೆಲಸ ಎಷ್ಟು ನಿಧಾನ ಎಂದು ಯಾರಿಗಾದರೂ ಅರ್ಥವಾಗುತ್ತದೆ. ನೇಮಕ ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಆದರೆ ಅಗತ್ಯ ಇದೆ ಎಂಬುದನ್ನು ದೇಶದ ಅತ್ಯುನ್ನತ ನ್ಯಾಯಾಲಯವೇ ಬರೆದು ಇಟ್ಟಿದೆ.

ಎಚ್ಚರಿಕೆ ಬೇಕಾದದ್ದು ಕೋರ್ಸಿನ ಆಯ್ಕೆಯಲ್ಲಿ. ವಿಶೇಷ ಶಿಕ್ಷಣದ ಕೋರ್ಸುಗಳಿಗೆ ಮಾನ್ಯತೆ ಕೊಡುವುದು 1992ರ ಕಾಯಿದೆಯಿಂದ ಸ್ಥಾಪಿತವಾದ ಭಾರತೀಯ ಪುನರ್ವಸತಿ ಪರಿಷತ್ತು. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ನ್ಯೂನತೆ ಹೀಗೆ ಶಾಖೆಗಳು ಬೇರೆ ಬೇರೆ. ಕೋರ್ಸು ಮುಗಿದ ಮೇಲೆ ಪರಿಷತ್ತಿನ ನೋಂದಣಿ ಪುಸ್ತಕದಲ್ಲಿ ಹೆಸರು ಸೇರಬೇಕು. ನೋಂದಣಿ ಇಲ್ಲದೆ ವೃತ್ತಿ ನಡೆಸುವುದು ಶಿಕ್ಷಾರ್ಹ. 'ವಿಶೇಷ ಶಿಕ್ಷಣದ ಸರ್ಟಿಫಿಕೇಟು, ಮೂರೇ ತಿಂಗಳು' ಎಂಬ ಜಾಹೀರಾತುಗಳಿಗೆ ಹಣ ಕಟ್ಟುವ ಮೊದಲು ಪಾಲಕರು ನೋಡಬೇಕಾದದ್ದು ಒಂದೇ. ಆ ಸಂಸ್ಥೆಗೆ, ಆ ಶಾಖೆಗೆ, ಸೇರುವ ವರ್ಷಕ್ಕೆ ಪರಿಷತ್ತಿನ ಮಾನ್ಯತೆ ಇದೆಯೇ? ನಿಯಮಗಳು ಬದಲಾಗುತ್ತಿರುವ ಈ ದಿನಗಳಲ್ಲಿ ಹೋದ ವರ್ಷ ಸೇರಿದವರ ಮಾತು ಸಾಕಾಗುವುದಿಲ್ಲ.

ಸಾಮಾನ್ಯ ಶಾಲೆಯ ದಾರಿಯೂ ಪೂರ್ತಿ ಮುಚ್ಚಿ ಹೋಗುವುದಿಲ್ಲ ಎಂಬುದು ಅಪ್ಪನಿಗೆ ಸಮಾಧಾನ ತಂದ ಸಂಗತಿ. ಪುನರ್ವಸತಿ ಪರಿಷತ್ತಿನ ಮಾನ್ಯತೆಯುಳ್ಳ ವಿಶೇಷ ಶಿಕ್ಷಣದ ಡಿಪ್ಲೊಮಾವನ್ನು ಒಂದರಿಂದ ಐದನೇ ತರಗತಿಯ ಅರ್ಹತೆಗಳ ಪಟ್ಟಿಯಲ್ಲಿ 2010ರ ಆಗಸ್ಟ್‌ನ ಅಧಿಸೂಚನೆ ಸೇರಿಸಿದೆ. ನೇಮಕವಾದ ಮೇಲೆ ಆರು ತಿಂಗಳ ತರಬೇತಿ ಪಡೆಯಬೇಕು. ಅಗತ್ಯವಿದ್ದರೆ ಕೆಲಸ ಮಾಡುತ್ತಲೇ ಮುಕ್ತ ವಿಶ್ವವಿದ್ಯಾಲಯದಿಂದ ಪದವಿ ಪಡೆಯಬಹುದು.

ಆ ರಾತ್ರಿ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಅಕ್ಕ ಎರಡು ಸಾಲು ಬರೆದಳು. ಮೇಲಿನ ಸಾಲು ತಂಗಿಯದು: ಎರಡು ವರ್ಷ ಶ್ರವಣದೋಷ ಶಾಖೆಯ ಡಿಪ್ಲೊಮಾ, ನೋಂದಣಿ, ಅರ್ಹತಾ ಪರೀಕ್ಷೆ, ಜತೆಯಲ್ಲೇ ಪದವಿ. ಕೆಳಗಿನ ಸಾಲು ಪಕ್ಕದ ಮನೆಯ ಹುಡುಗನದು: ಈ ತಿಂಗಳು ಕಿವಿಯ ಪರೀಕ್ಷೆ, ಜೂನ್‌ನಲ್ಲಿ ಊರ ಶಾಲೆಗೆ ಹೆಸರು, ರಜೆಯಲ್ಲಿ ಮೈಸೂರು. ಅವಳು ಕಲಿತು ಬರುವವರೆಗೆ ಅವನು ಕಾಯಬೇಕಾಗಿಲ್ಲ ಎಂಬುದೇ ಆ ಎರಡನೇ ಸಾಲಿನ ಅರ್ಥ.

ಅಪ್ಪ ಕನ್ನಡಕ ಹಾಕಿಕೊಂಡು ಎರಡೂ ಸಾಲುಗಳನ್ನು ಓದಿದರು. ಹಾಸ್ಟೆಲಿಗೆ ಎಷ್ಟಾಗ್ತದೆ ಎಂದು ಕೇಳಿದರು. ಬೇಡ ಎನ್ನಲಿಲ್ಲ. ಅಜ್ಜ ಮಾತ್ರ ಕೆಳಗಿನ ಸಾಲನ್ನೇ ಇನ್ನೊಮ್ಮೆ ಓದಿಸಿಕೊಂಡರು.

ಹುಡುಗಿಯ ಓದು ಮುಗಿಯುವಾಗ ಹುಡುಗನಿಗೆ ಎಂಟು ವರ್ಷವಾಗಿರುತ್ತದೆ. ಕಾಯಿದೆಯ ಲೆಕ್ಕದಲ್ಲಿ ಆಗಲೂ ಅವನಿಗೆ ಇನ್ನು ಹತ್ತು ವರ್ಷದ ಶಾಲೆ ಬಾಕಿ. ಅವಳಂಥವರು ಬೇಕಾಗುವುದು ಆ ಹತ್ತು ವರ್ಷಕ್ಕೆ.