ಅಟ್ಟದ ಮೇಲಿನ ಸಾಥ್

ನಮ್ಮ ಸೋದರಮಾವ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರಾಗಿದ್ದರು. ಕಾಲಲ್ಲಿ ಗಾಳಿ ತುಂಬುವ ಪೇಟಿ ಅದು. ಕೈಗಳೆರಡೂ ಪಟ್ಟಿಗಳ ಮೇಲೆ, ಕಾಲುಗಳೆರಡೂ ತಿದಿಯ ಮೇಲೆ. ಹುಡುಗನಿದ್ದಾಗ ರಜೆಗೆ ಹೋದರೆ ನಾನು ಅವರ ಪಕ್ಕದಲ್ಲೇ, ರಂಗದ ಕೆಳಗೆ ಕೂತು ನಾಟಕ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ ನೋಡುತ್ತಿದ್ದುದು ಮಾಮಾನ ಕಣ್ಣನ್ನು. ಅವರು ಪೇಟಿಯ ಕಡೆ ನೋಡುತ್ತಲೇ ಇರಲಿಲ್ಲ. ಹಾಡುವ ನಟನ ಕೊರಳಲ್ಲಿ ನರ ಉಬ್ಬುವ ಜಾಗಕ್ಕೆ ಅವರ ದೃಷ್ಟಿ ನೆಟ್ಟಿರುತ್ತಿತ್ತು. ಯಾಕೆ ಎಂದು ಕೇಳಿದ್ದಕ್ಕೆ, "ಅವ ಉಸಿರು ತಗೊಳ್ಳೂದು ನನಗ ಮೊದಲ ಗೊತ್ತಾಗಬೇಕೋ ತಮ್ಮಾ. ದನಿ ಬಂದ ಮ್ಯಾಲ ಗೊತ್ತಾದ್ರ ತಡ ಆತು" ಎಂದಿದ್ದರು.

ಆ ಮಾತು ಮತ್ತೆ ಕಿವಿಗೆ ಬಿದ್ದದ್ದು ಐವತ್ತು ವರ್ಷಗಳ ಮೇಲೆ, ಕೇಂಬ್ರಿಜ್ಜಿನಲ್ಲಿ. ಹೇಳಿದವಳು ನಾಟಕ ಕಂಪನಿಯ ಹೆಸರನ್ನೇ ಕೇಳದ ಒಬ್ಬ ಇಂಗ್ಲಿಷ್ ಹೆಣ್ಣುಮಗಳು.

ಮಗಳ ಬಾಣಂತನಕ್ಕೆಂದು ನಾನೂ ನಮ್ಮ ಮನೆಯವರೂ ಆ ಊರಿಗೆ ಹೋಗಿ ಆರು ತಿಂಗಳು ಇದ್ದೆವು. ಸಂಜೆ ನಾಲ್ಕಕ್ಕೇ ಕತ್ತಲು ಕವಿಯುವ ಚಳಿಗಾಲ. ಮನೆಯಲ್ಲಿ ಕೂಸು ಮಲಗುವ ಹೊತ್ತಿಗೆ ನಾನು ಹೊರಬಿದ್ದು ಯಾವುದಾದರೂ ಕಾಲೇಜಿನ ಚಾಪೆಲ್ಲಿಗೆ ಹೋಗಿ ಕೂರುತ್ತಿದ್ದೆ. ಚಾಪೆಲ್ ಎಂದರೆ ಕಾಲೇಜಿನ ಸ್ವಂತ ಪ್ರಾರ್ಥನಾ ಮಂದಿರ. ಪಾಠ ನಡೆಯುವ ವಾರಗಳಲ್ಲಿ ಸಂಜೆ ಅಲ್ಲಿ ಈವನ್‌ಸಾಂಗ್ ಎಂಬ ಹಾಡಿನ ಪ್ರಾರ್ಥನೆ ಇರುತ್ತದೆ. ಸುಮಾರು ಮುಕ್ಕಾಲು ಗಂಟೆಯದು. ಬಂದವರನ್ನು ನೀವು ಯಾವ ಧರ್ಮದವರು ಎಂದು ಯಾರೂ ಕೇಳುವುದಿಲ್ಲ. ಹಗಲು ಟಿಕೆಟ್ ಕೊಂಡು ನೋಡಬೇಕಾದ ಕಿಂಗ್ಸ್ ಕಾಲೇಜಿನ ಚಾಪೆಲ್ಲಿಗೂ ಸಂಜೆ ಪ್ರಾರ್ಥನೆಗೆಂದು ಹೋದವರಿಗೆ ಟಿಕೆಟ್ ಇಲ್ಲ.

ಆ ಚಾಪೆಲ್ಲನ್ನು ಮೊದಲ ಸಲ ಒಳಹೊಕ್ಕಾಗ ನಾನು ಕತ್ತೆತ್ತಿ ನಿಂತವನು ನಿಂತೇ ಇದ್ದೆ. 88 ಮೀಟರ್ ಉದ್ದ, 24 ಮೀಟರ್ ಎತ್ತರ, ಅಗಲ ಬರೀ 12 ಮೀಟರ್. ಆರನೆಯ ಹೆನ್ರಿ 1441ರಲ್ಲಿ ಕಾಲೇಜು ಕಟ್ಟಿ 1446ರಲ್ಲಿ ಚಾಪೆಲ್ಲಿಗೆ ಅಡಿಗಲ್ಲು ಹಾಕಿದ. ಸಾಲು ಸಾಲು ಬೀಸಣಿಗೆ ಬಿಚ್ಚಿಟ್ಟಂತಿರುವ ಆ ಕಲ್ಲಿನ ಮಾಡನ್ನು ಜಾನ್ ವಾಸ್ಟೆಲ್ ಎಂಬ ಕುಶಲಿ ಮುಗಿಸಿದ್ದು 1515ರಲ್ಲಿ. ಹಾಡುವುದಕ್ಕೆ 16 ಹುಡುಗರಿರಬೇಕು ಎಂದು ಹೆನ್ರಿ ಬರೆದಿಟ್ಟಿದ್ದ. ಇವತ್ತಿಗೂ ಹದಿನಾರೇ ಹುಡುಗರು, ಜೊತೆಗೆ ಕಾಲೇಜು ಓದುವ ತರುಣರು. ಚಾಪೆಲ್ಲಿನ ನಟ್ಟನಡುವೆ ಕರಿಮರದ ಒಂದು ಅಡ್ಡಗೋಡೆ. ಎಂಟನೆಯ ಹೆನ್ರಿಯ ಹೆಸರಿನ ಜೊತೆ, ಆಮೇಲೆ ಅವನೇ ತಲೆ ತೆಗೆಸಿದ ರಾಣಿ ಆನ್ ಬೊಲೀನಳ ಹೆಸರಿನ ಅಕ್ಷರವನ್ನೂ ಅದರಲ್ಲಿ ಕೆತ್ತಿದ್ದಾರೆ. ಆ ಗೋಡೆಯ ನೆತ್ತಿಯ ಮೇಲೆ ಆರ್ಗನ್.

ಹಾಡುವವರು ಕೆಳಗೆ, ಎದುರುಬದುರು ಎರಡು ಸಾಲಿನಲ್ಲಿ. ಕೈ ಆಡಿಸಿ ಅವರನ್ನು ನಡೆಸುವ ನಿರ್ದೇಶಕರು ಅವರ ನಡುವೆ. ಆರ್ಗನ್ ನುಡಿಸುವವರು ಮೇಲೆ ಅಟ್ಟದಲ್ಲಿ. ಕೂತವರಿಗೆ ಅವರು ಕಾಣುವುದಿಲ್ಲ. ಗಾಯಕವೃಂದಕ್ಕೆ ಹೆಸರು ಬರುತ್ತದೆ, ನಿರ್ದೇಶಕರಿಗೆ ಬರುತ್ತದೆ. ದಿನವೂ ಮೇಲೆ ಹತ್ತಿ ಕೂರುವವರು ಯಾರು ಎಂದು ಹೊರಗೆ ಬರುವ ನೂರು ಜನರನ್ನು ಕೇಳಿ, ಹತ್ತು ಜನ ಹೇಳಿದರೆ ಹೆಚ್ಚು.

ನನಗೆ ಪರಿಚಯವಾದದ್ದು ಅಂಥ ಒಬ್ಬಾಕೆ. ಬೇರೊಂದು ಕಾಲೇಜಿನ ಸಹಾಯಕ ಆರ್ಗನಿಸ್ಟ್. ಪ್ರಾರ್ಥನೆ ಮುಗಿದ ಮೇಲೆ ಆರ್ಗನ್ ಒಂದೇ ಒಂದು ದೊಡ್ಡ ಕೃತಿ ನುಡಿಸುತ್ತದೆ; ವಾಲಂಟರಿ ಎನ್ನುತ್ತಾರೆ. ಆಕೆ ವಾರಗಟ್ಟಲೆ ಅಭ್ಯಾಸ ಮಾಡಿದ ಬಾಖ್‌ನನ್ನು ನುಡಿಸುವಾಗಲೇ ಜನ ಎದ್ದು, ಕೋಟು ಹಾಕಿಕೊಂಡು, ಊಟದ ಮಾತಾಡುತ್ತ ಹೊರಡುತ್ತಾರೆ. ಅದು ತಪ್ಪು, ಮಂಗಳ ಹಾಡುವಾಗ ಚಪ್ಪಲಿ ಹುಡುಕಿದ ಹಾಗೆ. ನಾನು ಕೊನೆಯ ನಾದ ಮಾಡಿನಲ್ಲಿ ಕರಗುವವರೆಗೂ ಕೂರುತ್ತಿದ್ದೆ. ಹೀಗೆ ನಾಲ್ಕೈದು ಸಂಜೆ ಆದ ಮೇಲೆ ಆಕೆ ಇಳಿದು ಬಂದು, ನಿಮಗೆ ಆರ್ಗನ್ ಅಷ್ಟು ಇಷ್ಟವೇ ಎಂದು ಕೇಳಿದಳು. ನಮ್ಮ ಮಾಮಾ ಪೇಟಿ ನುಡಿಸುತ್ತಿದ್ದರು ಎಂದೆ. ಮರುದಿನ ಪ್ರಾರ್ಥನೆಗೆ ಒಂದು ಗಂಟೆ ಮೊದಲು ಬನ್ನಿ ಎಂದಳು.

ಸುರುಳಿ ಮೆಟ್ಟಿಲು, ಹೆಗಲು ಗೋಡೆಗೆ ತಾಗುವಷ್ಟು ಇಕ್ಕಟ್ಟು. ಮೇಲೆ ಹೋದರೆ ಒಬ್ಬರು ಕೂತು ಇನ್ನೊಬ್ಬರು ನಿಲ್ಲುವಷ್ಟೇ ಜಾಗ. ಆಕೆ ಹೊರಗಿನ ಬೂಟು ಬಿಚ್ಚಿ ತೆಳು ಅಟ್ಟೆಯ, ಸಣ್ಣ ಹಿಮ್ಮಡಿಯ ಬೇರೆ ಬೂಟು ಹಾಕಿಕೊಂಡಳು. ನಮ್ಮ ಮಾಮಾನ ಕಾಲಿಗೆ ಗಾಳಿ ತುಂಬುವ ಕೆಲಸವಿತ್ತು; ಇಲ್ಲಿ ಗಾಳಿಯನ್ನು ವಿದ್ಯುತ್ ಯಂತ್ರ ತುಂಬುತ್ತದೆ, ಕಾಲಿಗೆ ಸ್ವರ ನುಡಿಸುವ ಕೆಲಸ. ಕೆಳಗೆ ಮೂವತ್ತರಷ್ಟು ಮರದ ಪಟ್ಟಿಗಳು, ಹಿಮ್ಮಡಿಗೆ ಒಂದು, ಬೆರಳಿಗೆ ಒಂದು. ಕೈಗೆ ಪಟ್ಟಿಗಳ ಮೂರು ಸಾಲು, ಒಂದರ ಮೇಲೊಂದು. ಎಡಬಲಕ್ಕೆ ಎಳೆಯುವ ಗುಬುಟುಗಳು, ಒಂದೊಂದಕ್ಕೂ ಒಂದೊಂದು ಕೊಳವೆಗಳ ಸಾಲು. ಒಂದು ಎಳೆದರೆ ಕೊಳಲು, ಇನ್ನೊಂದು ಎಳೆದರೆ ಕಹಳೆ. ಅತಿ ಮಂದ್ರದ ಕೊಳವೆ 32 ಅಡಿಯದು. ಅದರ ಸ್ವರ ಸೆಕೆಂಡಿಗೆ ಹದಿನಾರು ಕಂಪನ ಮಾತ್ರ. ಕಿವಿಗೆ ಕೇಳುವುದಕ್ಕಿಂತ ಹೆಚ್ಚಾಗಿ ಕೂತ ಮಣೆಗೆ ತಿಳಿಯುತ್ತದೆ. ಆಕೆ ಅದನ್ನು ಒಮ್ಮೆ ಒತ್ತಿ ತೋರಿಸಿದಳು. ಎದೆಗೂಡಿನಲ್ಲಿ ಯಾರೋ ನಿಧಾನಕ್ಕೆ ಬಾಗಿಲು ತೆರೆದಂತಾಯಿತು.

ಆಕೆಯ ಬೆನ್ನು ಹಾಡುವವರ ಕಡೆಗೆ. ಎದುರಿಗೆ ಅಂಗೈಯಗಲದ ಕನ್ನಡಿ, ಪಕ್ಕದಲ್ಲಿ ಒಂದು ಪುಟ್ಟ ಪರದೆ. ಕೆಳಗಿನ ಕ್ಯಾಮೆರಾದಿಂದ ನಿರ್ದೇಶಕರ ಕೈ ಆ ಪರದೆಗೆ ಬರುತ್ತದೆ. ಅಲ್ಲೇ ಆಕೆ ನನಗೆ ಕಸುಬಿನ ಗುಟ್ಟು ಹೇಳಿದ್ದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹಾಡುವವರು 17 ಮೀಟರ್ ದೂರ ಇದ್ದರೆ ಅವರ ದನಿ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು ತಡವಾಗಿ ಮುಟ್ಟುತ್ತದೆ. ದನಿ ಕೇಳಿ ನುಡಿಸಿದರೆ ಆ ಪಾಲು ಎರಡಾಗಿ ಕೆಳಕ್ಕೆ ತಲುಪುತ್ತದೆ. ಹುಡುಗರು ಆರ್ಗನ್ನಿಗೆ ಕಾಯುತ್ತಾರೆ, ಆರ್ಗನ್ ಹುಡುಗರಿಗೆ ಕಾಯುತ್ತದೆ, ಹಾಡು ಎಳೆಯತೊಡಗುತ್ತದೆ. ಆದ್ದರಿಂದ ಕಿವಿಯನ್ನು ಬದಿಗಿಟ್ಟು ಕೈ ನೋಡಬೇಕು. ಕೈಗಿಂತ ಮೊದಲು ನಿರ್ದೇಶಕರ ಹೆಗಲು ಏಳುವುದನ್ನು ನೋಡಬೇಕು, ಏಕೆಂದರೆ ಅವರೂ ಹುಡುಗರ ಜೊತೆ ಉಸಿರು ತೆಗೆದುಕೊಳ್ಳುತ್ತಾರೆ. "ದನಿ ಬಂದ ಮೇಲೆ ಗೊತ್ತಾದರೆ ತಡವಾಯಿತು" ಎಂದಳು. ನನಗೆ ಗಂಟಲು ಕಟ್ಟಿತು.

ಅಷ್ಟೇ ಕಷ್ಟದ ಇನ್ನೊಂದು ಸಂಗತಿ ಇದೆ. ಕೊಳವೆಗಳು ಆಕೆಯ ತಲೆಯ ಹತ್ತಿರ, ಹುಡುಗರು ದೂರ. ತನ್ನ ವಾದ್ಯ ಆಕೆಗೆ ಯಾವಾಗಲೂ ಜೋರಾಗಿ ಕೇಳುತ್ತದೆ, ಹಾಡು ಮಸುಕಾಗಿ. ಕೆಳಗೆ ಕೂತವನಿಗೆ ಎರಡೂ ಹೇಗೆ ಹದವಾಗಿ ಕೇಳುತ್ತವೆ ಎಂಬುದನ್ನು ಆಕೆ ಮನಸ್ಸಿನಲ್ಲೇ ಕೇಳಿಸಿಕೊಳ್ಳಬೇಕು. ನಮ್ಮ ಪಕ್ಕವಾದ್ಯದವರು ಹಾಡುಗಾರರಿಂದ ಎರಡು ಮೊಳ ದೂರದಲ್ಲಿ ಕೂತು, ಮುಖ ನೋಡಿ, ಒಂದು ನಗೆ ವಿನಿಮಯ ಮಾಡಿಕೊಂಡು ನುಡಿಸುತ್ತಾರೆ. ಈಕೆಗೆ ಆ ನಗೆಯೂ ಇಲ್ಲ.

ಆರ್ಗನ್ ಹವೆಗೆ ಮಣಿಯುವ ವಾದ್ಯವೂ ಹೌದು. ಬೆಚ್ಚಗಾದರೆ ಕೊಳಲಿನಂಥ ಕೊಳವೆಗಳ ಶ್ರುತಿ ಏರುತ್ತದೆ, ನಾಲಗೆ ಇರುವ ಕೊಳವೆಗಳದು ಅಷ್ಟಾಗಿ ಏರುವುದಿಲ್ಲ. ಒಂದೇ ವಾದ್ಯದೊಳಗೆ ಮನಸ್ತಾಪ. ಒಮ್ಮೆ ಎಲ್ಲರೂ ತಲೆಬಾಗಿ ಮೌನವಾಗಿದ್ದಾಗ ಒಂದು ಕೊಳವೆ ತನಗೆ ತಾನೇ ಕೂಗಲು ಶುರುಮಾಡಿತಂತೆ. ಸೈಫರ್ ಎನ್ನುತ್ತಾರೆ ಅದಕ್ಕೆ. ಯಾವ ಸಾಲಿನದು ಎಂದು ಗುರುತಿಸಿ ಆ ಗುಬುಟನ್ನು ಒಳಕ್ಕೆ ತಳ್ಳುವಷ್ಟರಲ್ಲಿ ಬೆವರು ಬಂತು ಎಂದಳು.

ಸಹಾಯಕ ಎಂದರೆ ವಿದ್ಯಾರ್ಥಿಯಲ್ಲ. ಅನೇಕ ಕಾಲೇಜುಗಳಲ್ಲಿ ಆರ್ಗನ್ ಸ್ಕಾಲರ್ ಎಂಬ ವಿದ್ಯಾರ್ಥಿಗಳು, ಡಿಗ್ರಿ ಓದುತ್ತಲೇ, ಈ ಕೆಲಸ ಮಾಡುತ್ತಾರೆ. ಬ್ರಿಟನ್ನಿನ ಪ್ರಧಾನಿಯಾದ ಎಡ್ವರ್ಡ್ ಹೀತ್ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನಲ್ಲಿ ಆರ್ಗನ್ ಸ್ಕಾಲರ್ ಆಗಿದ್ದವರು. ಅದೇ ಊರಿನ ಮಾಡ್ಲಿನ್ ಕಾಲೇಜು ಹುಟ್ಟಿದ್ದು 1458ರಲ್ಲಿ. ಅಲ್ಲಿ ಮೊದಲ ಹೆಣ್ಣು ಆರ್ಗನ್ ಸ್ಕಾಲರ್ ಆಗಿ ಬಂದವರು ನಮ್ಮ ಕಾಲದ ಆನಾ ಲ್ಯಾಪ್‌ವುಡ್. ಐದೂವರೆ ಶತಮಾನ ಬೇಕಾಯಿತು! ಆದರೆ ಹುಡುಗರ ಶಾಲೆಯನ್ನೂ ಇಟ್ಟುಕೊಂಡು ವಾರಕ್ಕೆ ಐದಾರು ದಿನ ಹಾಡುವ ಕೆಲವು ಕಡೆ ಸಂಬಳದ ಸಹಾಯಕರೂ ಬೇಕಾಗುತ್ತಾರೆ. ಬೆಳಿಗ್ಗೆ ಶಾಲೆಗೆ ಮೊದಲು ಹುಡುಗರ ಅಭ್ಯಾಸಕ್ಕೆ ಪಿಯಾನೊ, ಸಂಜೆ ಪ್ರಾರ್ಥನೆಗೆ ಮೊದಲು ಒಂದು ತಾಲೀಮು, ನಿರ್ದೇಶಕರು ಊರಿನಲ್ಲಿಲ್ಲದಿದ್ದರೆ ಇಳಿದು ಬಂದು ಹಾಡಿಸುವುದು. ತನ್ನ ಸ್ವಂತ ಅಭ್ಯಾಸ? ಪ್ರವಾಸಿಗಳು ಹೋಗಿ ಚಾಪೆಲ್ ಮುಚ್ಚಿದ ಮೇಲೆ, ರಾತ್ರಿ, ಒಂದೇ ದೀಪದಲ್ಲಿ.

ಆಕೆಗೆ ತೀರಾ ಪ್ರೀತಿಯದು ಕೀರ್ತನೆಗಳು. ಕನ್ನಡ ಬೈಬಲ್ ಮಾಡಿದವರು ಸಾಮ್ಸ್‌ಗೆ ಕೀರ್ತನೆಗಳು ಎಂದೇ ಹೆಸರಿಟ್ಟಿದ್ದಾರೆ. ದಾಸರ ಪದಗಳಿಗೆ ನಾವು ಹೇಳುವ ಅದೇ ಮಾತು. ಇಂಗ್ಲೆಂಡಿನ 1662ರ ಪ್ರಾರ್ಥನಾ ಪುಸ್ತಕ 150 ಕೀರ್ತನೆಗಳನ್ನು ತಿಂಗಳ ಮೂವತ್ತು ದಿನಕ್ಕೆ, ಬೆಳಿಗ್ಗೆಗೆ ಇಷ್ಟು ಸಂಜೆಗೆ ಇಷ್ಟು ಎಂದು ಹಂಚಿದೆ. ಅವು ಛಂದಸ್ಸಿಲ್ಲದ ಸಾಲುಗಳು, ನಮ್ಮ ವಚನಗಳ ಹಾಗೆ. ಹಾಡುವುದಕ್ಕೆ ಹತ್ತೇ ಸ್ವರಮೇಳಗಳ ಒಂದು ಪುಟ್ಟ ಮಟ್ಟು. ಸಾಲು ಉದ್ದವಾದರೆ ಮೊದಲ ಸ್ವರದ ಮೇಲೇ ಮಾತುಗಳನ್ನೆಲ್ಲ ಹರಿಯಬಿಟ್ಟು ಕೊನೆಯಲ್ಲಿ ತಿರುಗಿಸುವುದು. ಇಲ್ಲಿ ತಾಳ ಎಣಿಸಿ ನುಡಿಸಿದರೆ ಕೆಟ್ಟಿತು. ಆರ್ಗನ್ ನುಡಿಸುವವರು ಹುಡುಗರ ಜೊತೆ ಮನಸ್ಸಿನಲ್ಲಿ ಮಾತು ಆಡುತ್ತಿರಬೇಕು. ಮಲ್ಲಿಕಾರ್ಜುನ ಮನ್ಸೂರರ ವಚನ ಕೇಳಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ತಿಂಗಳ 15ನೆಯ ಸಂಜೆಗೆ 78ನೆಯ ಕೀರ್ತನೆ ಒಂದೇ, ಆದರೆ ಆ ಪುಸ್ತಕದಲ್ಲಿ ಅದು 73 ವಚನಗಳದು. ಕೆಲವೆಡೆ ಕತ್ತರಿಸುತ್ತಾರೆ; ಆ ದಿನ ಪೂರ್ತಿ ಹಾಡಿದರು. ನಾನು ಅಟ್ಟದ ಮೂಲೆಯಲ್ಲಿ ನಿಂತಿದ್ದೆ. ಆಕೆಯ ಪುಸ್ತಕದಲ್ಲಿ ಸ್ವರಗಳಿರಲಿಲ್ಲ, ಮಾತು ಮಾತ್ರ, ಅಂಚಿನಲ್ಲಿ ಪೆನ್ಸಿಲ್ ಗುರುತುಗಳು. ನದಿ ರಕ್ತವಾಯಿತು ಎಂಬಲ್ಲಿ ಕಾಲಿನ ಮಂದ್ರ ಬಂತು. ಹೇನು, ಕಪ್ಪೆ, ಮಿಡತೆ, ಆಮೇಲೆ ಆಲಿಕಲ್ಲು. ಆಲಿಕಲ್ಲಿಗೆ ಮೇಲಿನ ಸಾಲಿನಲ್ಲಿ ನಾಲ್ಕು ಚುರುಕು ಸ್ವರ, ಹೆಂಚಿನ ಮೇಲೆ ಬಿದ್ದ ಹಾಗೆ. ಹುಡುಗರ ಒಂದು ಅಕ್ಷರವೂ ಅದರಡಿ ಮುಚ್ಚಿಹೋಗಲಿಲ್ಲ. ಕೊನೆಯಲ್ಲಿ ದೇವರು ಕುರಿ ಕಾಯುತ್ತಿದ್ದ ದಾವೀದನನ್ನು ಕರೆತರುವ ಮಾತು ಬರುತ್ತದೆ. ಅಲ್ಲಿ ಆಕೆ ಎಲ್ಲ ಗುಬುಟುಗಳನ್ನೂ ತಳ್ಳಿ ಒಂದೇ ಕೊಳಲನ್ನು ಉಳಿಸಿಕೊಂಡಳು. ಕೆಳಗಿದ್ದವರಲ್ಲಿ ಎಷ್ಟು ಜನ ಗಮನಿಸಿದರೋ. ಇಂಥ ಕಡೆ ಚಪ್ಪಾಳೆ ಇಲ್ಲ, ಇರಬಾರದು ಕೂಡ.

ಈ ವಾದ್ಯಗಳು ಕಂಡ ಕಷ್ಟವೂ ಕಡಿಮೆಯದಲ್ಲ. 1644ರಲ್ಲಿ, ಪೂಜೆಯಲ್ಲಿ ಆಡಂಬರ ಬೇಡವೆನ್ನುವ ಪ್ಯೂರಿಟನ್ನರ ಪಾರ್ಲಿಮೆಂಟು ಚರ್ಚುಗಳಿಂದ ಆರ್ಗನ್ನುಗಳನ್ನು ಕಿತ್ತುಹಾಕಿ ಎಂದು ಆಜ್ಞೆ ಹೊರಡಿಸಿತು. 1660ರಲ್ಲಿ, ಅಳಿದಿದ್ದ ರಾಜಪ್ರಭುತ್ವ ಮರಳುವವರೆಗೂ ಚಾಪೆಲ್ಲುಗಳಲ್ಲಿ ಈ ಹಾಡಿಲ್ಲ. ಆದರೆ ಮಾಡ್ಲಿನ್ ಕಾಲೇಜಿನ ಆರ್ಗನ್ನನ್ನು ಆ ಪ್ಯೂರಿಟನ್ನರ ನಾಯಕ ಕ್ರಾಮ್‌ವೆಲ್ಲನೇ ತಾನಿದ್ದ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ತರಿಸಿಕೊಂಡ. ಸಂಗೀತದ ಮೋಹ ಅವನನ್ನೂ ಬಿಡಲಿಲ್ಲ.

ಸಂಗೀತ ರಚನಕಾರ ಹರ್ಬರ್ಟ್ ಹಾವೆಲ್ಸ್‌ರ ಹೆಸರನ್ನು ನನಗೆ ಹೇಳಿಕೊಟ್ಟವಳೂ ಆಕೆಯೇ. 1917ರಲ್ಲಿ ಸಾಲ್ಸ್‌ಬರಿ ಕೆಥೆಡ್ರಲ್ಲಿನಲ್ಲಿ ಸಹಾಯಕ ಆರ್ಗನಿಸ್ಟ್ ಆಗಿ ಸೇರಿದ ಹಾವೆಲ್ಸ್ ಕಾಯಿಲೆಯಿಂದ ಕೆಲವೇ ತಿಂಗಳಲ್ಲಿ ಬಿಡಬೇಕಾಯಿತು. ಆ ಹುಡುಗ ಬದುಕುವುದೇ ಕಷ್ಟ ಎಂದಿದ್ದರು ವೈದ್ಯರು. ಬದುಕಿದರು. 1935ರಲ್ಲಿ ಒಂಬತ್ತು ವರ್ಷದ ಮಗ ಮೈಕೆಲ್ ಪೋಲಿಯೊದಿಂದ ತೀರಿಕೊಂಡ. ಎರಡನೆಯ ಮಹಾಯುದ್ಧದಲ್ಲಿ ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜಿನ ಆರ್ಗನಿಸ್ಟ್ ವಾಯುಪಡೆಗೆ ಹೋದಾಗ, 1941ರಿಂದ 1945ರವರೆಗೆ ಅವರ ಜಾಗಕ್ಕೆ ಬಂದು ನುಡಿಸಿದವರು ಹಾವೆಲ್ಸ್. ಬೇರೆಯವರ ಮಣೆಯ ಮೇಲೆ ಕೂತ ಆ ವರ್ಷಗಳಲ್ಲೇ ಅದೇ ಊರಿನ ಕಿಂಗ್ಸ್ ಕಾಲೇಜಿಗೆಂದು 'ಕೊಲೀಜಿಯಂ ರೆಗಾಲೆ' ಬರೆದರು. ಅದರಲ್ಲಿರುವ ಬೈಬಲ್ಲಿನ ಮರಿಯಳ ಹಾಡು, ಮುದುಕ ಸಿಮೆಯೋನನ ಹಾಡು, ಎರಡೂ ಈವನ್‌ಸಾಂಗಿನಲ್ಲಿ ದಿನವೂ ಇರುವಂಥವು. ಆದರೆ ಹಾವೆಲ್ಸ್‌ರ ಮಟ್ಟಿನಲ್ಲಿ ಕೇಳಿದ ಸಂಜೆ ನಾನು ಮನೆಗೆ ಹೋಗಿ ಯಾರೊಡನೆಯೂ ಮಾತಾಡಲಿಲ್ಲ. ಹುಡುಗರ ದನಿ ಮಾಡಿಗೆ ಏರುವಾಗ ಆರ್ಗನ್ ಅದರ ಕೆಳಗೆ ಅಂಗೈ ಚಾಚಿ ನಿಂತ ಹಾಗಿರುತ್ತದೆ. ದಿನವೂ ಸಾಥ್ ಮಾಡಿದ ಕೈಯೇ ಅದನ್ನು ಬರೆಯಬಲ್ಲದು ಎಂದು ನನ್ನ ನಂಬಿಕೆ.

ಈಗ ಊರಿಗೆ ಬಂದಿದ್ದೇನೆ. ಇಲ್ಲಿಂದಲೂ ಕೇಳಬಹುದಾದ ಒಂದು ಪ್ರಾರ್ಥನೆ ಇದೆ. ಕಿಂಗ್ಸ್ ಕಾಲೇಜಿನಲ್ಲಿ 1918ರಲ್ಲಿ, ಮೊದಲ ಮಹಾಯುದ್ಧ ಮುಗಿದ ಮರುತಿಂಗಳಲ್ಲೇ, ಕ್ರಿಸ್‌ಮಸ್ ಹಿಂದಿನ ದಿನದ, ಬೈಬಲ್ಲಿನ ಒಂಬತ್ತು ಪಾಠಗಳ ಪ್ರಾರ್ಥನೆ ಶುರುವಾಯಿತು. 1928ರಿಂದ, 1930 ಒಂದನ್ನು ಬಿಟ್ಟು, ಪ್ರತಿ ವರ್ಷ ಬಿಬಿಸಿ ಅದನ್ನು ರೇಡಿಯೊದಲ್ಲಿ ಬಿತ್ತರಿಸಿದೆ. ಡಿಸೆಂಬರ್ 24, ಅಲ್ಲಿ ಮಧ್ಯಾಹ್ನ ಮೂರು, ನಮ್ಮಲ್ಲಿ ರಾತ್ರಿ 8.30. ಒಬ್ಬ ಹುಡುಗ ಒಂಟಿಯಾಗಿ ಆರಂಭದ ಹಾಡಿನ ಮೊದಲ ಚರಣ ಹಾಡುತ್ತಾನೆ, ವಾದ್ಯದ ಆಸರೆ ಇಲ್ಲದೆ. ಎರಡನೆಯ ಚರಣ ವೃಂದದ್ದು, ಅಲ್ಲೂ ಆರ್ಗನ್ ಸುಮ್ಮನೆ. ಶ್ರುತಿ ಕೂದಲೆಳೆಯಷ್ಟು ಇಳಿದಿದ್ದರೂ ಮುಂದೆ ಆರ್ಗನ್ ಸೇರಿದ ಕ್ಷಣದಲ್ಲಿ ಲೋಕಕ್ಕೆಲ್ಲ ಗೊತ್ತಾಗುತ್ತದೆ. ಈ ಸಲ ನೀವೂ ರೇಡಿಯೊ ಹಚ್ಚಿ. ಹುಡುಗನ ದನಿ ಕೇಳುವಾಗ, ಮೇಲೆ ಅಟ್ಟದಲ್ಲಿ ಕೈ ತೊಡೆಯ ಮೇಲಿಟ್ಟುಕೊಂಡು, ಅವನ ಉಸಿರಿನ ಜೊತೆ ಉಸಿರಾಡುತ್ತ ಕಾಯುತ್ತಿರುವ ಒಬ್ಬರಿದ್ದಾರೆ ಎಂದು ನೆನೆಯಿರಿ. ಕೊನೆಯ ವಾಲಂಟರಿ ಮುಗಿಯುವವರೆಗೂ ದಯವಿಟ್ಟು ಏಳಬೇಡಿ.