ಎರಡು ಕಣ್ಣಿನ ಚಿತ್ರ

ಅಟ್ಟದ ಟ್ರಂಕಿನಿಂದ ನನ್ನ ಹಳೆಯ ವ್ಯೂ-ಮಾಸ್ಟರ್ ಹೊರಬಂದದ್ದೇ ತಡ, ಮೊಮ್ಮಗಳು ಅದನ್ನು ಕಣ್ಣಿನಿಂದ ಇಳಿಸಲೇ ಇಲ್ಲ. "ತಾತ, ಮರ ಮುಂದಿದೆ, ಬೆಟ್ಟ ಹಿಂದಿದೆ! ಇದು ಹೇಗೆ?"

ನಮ್ಮ ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರವಿದೆ. ಹಾಗಾಗಿ ಒಂದೊಂದು ಕಣ್ಣಿಗೂ ಕಾಣುವ ನೋಟ ತುಸು ಬೇರೆ. ಮಿದುಳು ಎರಡನ್ನೂ ಸೇರಿಸಿ ಆಳವನ್ನು ತಿಳಿಯುತ್ತದೆ. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಇದನ್ನು ಚಿತ್ರಗಳಿಂದಲೇ ತೋರಿಸಿಕೊಟ್ಟರು. ವ್ಯೂ-ಮಾಸ್ಟರ್ ಬಿಲ್ಲೆಯಲ್ಲಿರುವುದು 14 ಪುಟ್ಟ ಫಿಲ್ಮ್ ಚಿತ್ರ. ಕಾಣುವ ದೃಶ್ಯ ಏಳೇ. ಒಂದೊಂದಕ್ಕೂ ಒಂದು ಜೋಡಿ.

"ನಾವೂ ತೆಗೆಯೋಣ" ಎಂದಳು. ನನಗೆ ಫಿಲ್ಮ್ ಬೇಕು, ಅವಳಿಗೆ ಮೊಬೈಲ್. ಎರಡು ಲೆನ್ಸಿನ ಫಿಲ್ಮ್ ಕ್ಯಾಮೆರಾ ಜೋಡಿಯನ್ನು ಒಂದೇ ಸಲಕ್ಕೆ ಹಿಡಿಯುತ್ತದೆ. ಓಡುವ ಮಗುವೂ ಸರಿಯಾಗಿ ಸಿಗುತ್ತದೆ. ಆದರೆ ರೀಲು ಮುಗಿಯಬೇಕು, ತೊಳೆದು ಬರಬೇಕು. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು, ಆರೂವರೆ ಸೆಂಟಿಮೀಟರ್ ಬಲಕ್ಕೆ ಸರಿಸಿ ಇನ್ನೊಂದು ತೆಗೆದರಾಯಿತು. ಎದುರಿಗಿರುವುದು ಮಾತ್ರ ಅಲುಗಬಾರದು. ನಮ್ಮ ಹಸು ಬಾಲ ಬೀಸಿತು. ಒಂದು ಚಿತ್ರದಲ್ಲಿ ಬಾಲ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ! ದಾಸವಾಳ ಪಾಪ, ಸುಮ್ಮನೆ ನಿಂತಿತ್ತು.

ಆ ಎರಡು ಚಿತ್ರಗಳನ್ನು ಪುಟ್ಟದಾಗಿ ಮುದ್ರಿಸಿ ಅಕ್ಕಪಕ್ಕ ಅಂಟಿಸಿದೆವು, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ನಡುವೆ ರಟ್ಟು ನಿಲ್ಲಿಸಿ, ಮೂಗು ತಾಗಿಸಿ, ದೂರ ನೋಡುವಂತೆ ನೋಡಬೇಕು. "ಹೂವು ಎದ್ದು ಬಂತು!" ಎಂದು ಅವಳು ಕುಣಿದಳು. ನನಗೆ ಏನೂ ಏಳಲಿಲ್ಲ.

"ನಾನು ಹೇಳಲಿಲ್ಲವೇ? ಫಿಲ್ಮಿನ ಆಳ ಮೊಬೈಲಿಗೆ ಎಲ್ಲಿಂದ ಬರಬೇಕು?" ಎಂದೆ.

ಅವಳು ಮಾತಾಡದೆ ವ್ಯೂ-ಮಾಸ್ಟರ್ ಕೈಗಿತ್ತಳು. ನೋಡಿದೆ. ಅದೇ ಬೆಟ್ಟ, ಅದೇ ಮರ; ಎರಡೂ ಗೋಡೆಗೆ ಅಂಟಿಸಿದಂತೆ ಚಪ್ಪಟೆ. ಎಡಗಣ್ಣು ಮುಚ್ಚಿದೆ. ಎದುರಿಗೆ ಬರೀ ಮಂಜು.

ಬಲಗಣ್ಣಿಗೆ ಪೊರೆ ಬಂದಿದೆ ಎಂದರು ವೈದ್ಯರು. ಎಡಗಣ್ಣೊಂದೇ ಕೆಲಸ ನಡೆಸುತ್ತಿದ್ದುದರಿಂದ ನನಗೆ ಗೊತ್ತೇ ಆಗಿರಲಿಲ್ಲ. ಮೆಟ್ಟಿಲಿಳಿಯುವಾಗ ಕಾಲು ತಡವರಿಸುತ್ತಿದ್ದುದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ.

ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳ ಮೇಲೆ ಮತ್ತೆ ರಟ್ಟಿಗೆ ಮೂಗು ತಾಗಿಸಿದೆ. ದಾಸವಾಳದ ಕೇಸರ ನನ್ನ ಮೂಗಿನತ್ತಲೇ ಚಾಚಿತ್ತು! ಮೊಬೈಲಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಈಗ ನಮ್ಮಿಬ್ಬರಿಗೆ ಜಗಳವಿಲ್ಲ. ಹೂವು, ಕಲ್ಲು, ಗುಡಿಗೆ ಮೊಬೈಲು. ಎಷ್ಟು ತಪ್ಪಿದರೂ ಖರ್ಚಿಲ್ಲ. ಹಸುವಿಗೆ ಎರಡು ಲೆನ್ಸಿನ ಕ್ಯಾಮೆರಾ ಸಿಕ್ಕಾಗ ನೋಡೋಣ.

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಗೆ ಒಂದೊಂದೇ ಕಣ್ಣು ಮುಚ್ಚಿ ಈ ಪುಟ ಓದಲು ಹೇಳಿ.