ತಟ್ಟೆಯಲ್ಲಿ ಒಂದು ದಿನ

ನಾನು ದೂಳುಣಿಸುವ ಜೀವಕೋಶಗಳ ಹೆಸರು ಎ549. 1972ರಲ್ಲಿ, 58 ವರ್ಷದ ಗಂಡಸೊಬ್ಬನ ಶ್ವಾಸಕೋಶದ ಗಡ್ಡೆಯಿಂದ ತೆಗೆದು ಬೆಳೆಸಿದವು. ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬದುಕಿವೆ.

2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ಮೂಗಿನ ಕೂದಲನ್ನೂ ಗಂಟಲಿನ ಲೋಳೆಯನ್ನೂ ದಾಟಿ ಶ್ವಾಸಕೋಶದ ಗಾಳಿಚೀಲಗಳವರೆಗೆ ಇಳಿಯಬಲ್ಲವು. ಅವು ಹೊತ್ತು ತಂದ ಲೋಹ, ಮಸಿಗಳಿಂದ ಕೋಶದೊಳಗೆ ಆಮ್ಲಜನಕದ ಪುಂಡ ಅಣುಗಳು ಏಳುತ್ತವೆ. ಕೋಶ ಉರಿಯೂತದ ಸಂದೇಶ ಕಳಿಸುತ್ತದೆ. ಇಷ್ಟನ್ನು ಕಾಣಲು ನನಗೆ 24 ಗಂಟೆ ಸಾಕು. ಆಮೇಲೆ ಬ್ಲೀಚ್ ಸುರಿದು ತಟ್ಟೆ ಎಸೆಯುತ್ತೇವೆ.

ಅಮ್ಮ ಸೌದೆ ಒಲೆಯ ಮುಂದೆ ಕಳೆದದ್ದು ಮೂವತ್ತು ವರ್ಷ. ಗ್ಯಾಸ್ ಬಂದ ಮೇಲೂ ಸ್ನಾನದ ಹಂಡೆಗೆ ಸೌದೆಯೇ.

“ನಿನ್ನ ಸೆಲ್‌ಗಳಿಗೂ ಕೆಮ್ಮು ಬರುತ್ತಾ?” ಎಂದು ಕೇಳಿದಳು.

ಇಲ್ಲ. ಕೆಮ್ಮಲು ನರ ಬೇಕು, ಸ್ನಾಯು ಬೇಕು, ಎದೆಗೂಡು ಬೇಕು. ನನ್ನ ತಟ್ಟೆಯಲ್ಲಿರುವುದು ಕೋಶಗಳ ಒಂದೇ ಪದರ, ಅದೂ ಎರಡು ದಿನದ್ದು.